ಗೀತಾಸಾರ, ಮೂಗಿನ ತುದಿ ಮತ್ತು ಮಾವಿನ ತೋಪು

ಕೋಲಾರ ಕಡೆಯ ಒಂದು ಕುಟುಂಬದ ವಾಟ್ಸಾಪ್ ಗುಂಪಿನ ಭಾನುವಾರ ಬೆಳಗಿನ ಮಾತುಕತೆ ಇದು. ಗುಲಾಬಿ ಹೂವಿನ ಶುಭೋದಯಗಳನ್ನೂ ಕೈಮುಗಿಯುವ ಚಿತ್ರಗಳನ್ನೂ ಕಿತ್ತು ಹಾಕಿದ್ದೇನೆ, ಇಲ್ಲದಿದ್ದರೆ ಇದರ ಮೂರರಷ್ಟಾಗುತ್ತಿತ್ತು. ಹೆಸರುಗಳ ಬದಲು ಊರುಗಳಿವೆ.

ದೊಡ್ಡಪ್ಪ: (ಹಲವು ಬಾರಿ ಫಾರ್ವರ್ಡ್ ಆಗಿದೆ) ಮನಸ್ಸಿಗೆ ನೆಮ್ಮದಿ ಇಲ್ಲವೇ? ಗೀತೆಯಲ್ಲಿದೆ ಉತ್ತರ! ಆದದ್ದೆಲ್ಲಾ ಒಳ್ಳೆಯದೇ ಆಯಿತು. ಆಗುವುದೆಲ್ಲಾ ಒಳ್ಳೆಯದೇ ಆಗುತ್ತದೆ. ರೋದಿಸಲು ನೀನೇನು ಕಳೆದುಕೊಂಡಿರುವೆ? ದಿನವೂ ಬರೀ ಹೊಟ್ಟೆಯಲ್ಲಿ ಮೂಗಿನ ತುದಿಯನ್ನೇ ದಿಟ್ಟಿಸುತ್ತಾ ಕುಳಿತುಕೊಳ್ಳಿ. 11 ಜನರಿಗೆ ಕಳಿಸಿ.

ದೊಡ್ಡಪ್ಪ: ಎಲ್ಲರೂ ಓದಿ. ಮುಖ್ಯವಾಗಿ ಬೆಂಗಳೂರಲ್ಲಿರೋರು.

ಶ್ರೀನಿವಾಸಪುರ ಅತ್ತೆ: ತುಂಬಾ ಚೆನ್ನಾಗಿದೆ ಅಣ್ಣ. ನಮ್ಮ ಭಜನಾ ಗುಂಪಿಗೂ ಹಾಕ್ದೆ.

ಮಾಲೂರು ಭಾವ: ಎಷ್ಟನೇ ಅಧ್ಯಾಯ, ಎಷ್ಟನೇ ಶ್ಲೋಕ?

ದೊಡ್ಡಪ್ಪ: ಇಡೀ ಗೀತೆಯ ಸಾರ ಕಣಯ್ಯಾ ಅದು. ಶ್ಲೋಕದ ನಂಬರ್ ಯಾಕೆ?

ಮಾಲೂರು ಭಾವ: 700 ಶ್ಲೋಕದಲ್ಲಿ ಇದನ್ನ ಹೇಳೋ ಒಂದೇ ಒಂದು ತೋರಿಸಿ, 11 ಅಲ್ಲ 111 ಜನಕ್ಕೆ ಕಳಿಸ್ತೀನಿ.

ಪುಟ್ಟಿ: ಮೂಗಿನ ತುದಿ ನೋಡೋದು ನಿಜಾನಾ? ಹಾಗೆ ಕೂತ್ರೆ ಹುಬ್ಬಿನ ಹತ್ರ ನೋವು ಬರುತ್ತೆ, ಯಾಕೆ?

ಬಂಗಾರಪೇಟೆ ಚಿಕ್ಕಪ್ಪ: ನೀನೇನು ಕಳೆದುಕೊಂಡಿರುವೆ ಅಂತ ನೀವೇ ಹಾಕಿದೀರಲ್ಲ ಅಣ್ಣ. ಹಾಗಾದ್ರೆ ಮಾವಿನ ತೋಪಿನ ಖಾತೆ ವಿಷಯ ಈ ವಾರಾನೇ ಮುಗಿಸಿಬಿಡೋಣ್ವಾ?

ದೊಡ್ಡಪ್ಪ: ದೇವರ ವಿಷಯದಲ್ಲಿ ಜಮೀನು ತರಬೇಡ.

ಚಿಂತಾಮಣಿ ಸೀನ: ತೋಪು ಅಂದ್ರಲ್ಲ, ಆಹಾ! ಬಾದಾಮಿ, ರಸಪುರಿ, ಬೇನಿಷಾ, ಕೊನೇಲಿ ನೀಲಂ. ತೋತಾಪುರಿಗೆ ಉಪ್ಪು ಖಾರ ಹಚ್ಚಿ ಪಂಪ್‌ಸೆಟ್ ತೊಟ್ಟಿ ಮೇಲೆ ಕೂರ್ತಿದ್ವಿ. ಈಗಿನ ಮಕ್ಕಳಿಗೆ ಏನ್ ಗೊತ್ತು.

ಶ್ರೀನಿವಾಸಪುರ ಅತ್ತೆ: ಕಾಯಿ ಕದ್ದು ಬೈಸಿಕೊಳ್ತಿದ್ದೋನೂ ನೀನೇ.

(ಇಲ್ಲಿ ಇಪ್ಪತ್ತೆರಡು ಸಂದೇಶ ಬರೀ ಮಾವಿನಹಣ್ಣು. ಪುಟ್ಟಿಯ ಪ್ರಶ್ನೆ ಮೇಲಕ್ಕೆ ಹೋಗಿ ಕಾಣದಾಯಿತು.)

ದೊಡ್ಡಪ್ಪ: ಮಾಲೂರಿನೋರಿಗೆ ಒಂದು ಮಾತು. "ಸಂಶಯಾತ್ಮಾ ವಿನಶ್ಯತಿ." ಸಂಶಯ ಪಡೋನು ಹಾಳಾಗ್ತಾನೆ ಅಂತ. 4ನೇ ಅಧ್ಯಾಯ, 40ನೇ ಶ್ಲೋಕ. ತಗೋ ನಂಬರು.

ಮುಳಬಾಗಿಲು ಅತ್ತೆ: ಹಾಗ್ ಹೇಳಿ! ನಮ್ಮೂರಲ್ಲಿ ಹುಟ್ಟಿದ ಡಿವಿಜಿಯವರು ಗೀತೆ ಮೇಲೆ ಜೀವನಧರ್ಮಯೋಗ ಬರೆದು 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ತಗೊಂಡ್ರು. ಅದನ್ನ ಓದೋದು ಬಿಟ್ಟು ಫಾರ್ವರ್ಡ್ ಓದ್ತೀರಿ. ಅಂದಹಾಗೆ ನನ್ನ ಗೀತೆ ಪುಸ್ತಕ, ಶ್ಲೋಕದ ಪದಗಳನ್ನ ಮಾತಿನ ಕ್ರಮಕ್ಕೆ ಜೋಡಿಸಿ ಅನ್ವಯ ಕೊಟ್ಟಿರೋದು, ಯಾರ ಮನೇಲಿದೆ? ಬೂದು ರಟ್ಟಿಂದು. ಗೃಹಪ್ರವೇಶದಲ್ಲಿ ಹೋಗಿದ್ದು ವಾಪಸ್ ಬಂದಿಲ್ಲ.

ಮೇಷ್ಟ್ರು ಮಾವ: 4.40 ಸರಿಯಾಗಿ ಹೇಳಿದ್ರಿ ದೊಡ್ಡಪ್ಪ. ಆದ್ರೆ ಅದರ ಹಿಂದೂ ಮುಂದೂ ಸ್ವಲ್ಪ ನೋಡಿ. 4.34ರಲ್ಲಿ ಜ್ಞಾನ ಪಡೆಯೋಕೆ ಮೂರು ಹೇಳಿದೆ: ಪ್ರಣಿಪಾತ ಅಂದ್ರೆ ಅಡ್ಡಬೀಳೋದು, ಪರಿಪ್ರಶ್ನ, ಸೇವೆ. ನಡುವಿನದು ಪ್ರಶ್ನೆ ಕೇಳೋದು. 4.42ರಲ್ಲಿ ಸಂಶಯವನ್ನ ಜ್ಞಾನದ ಕತ್ತಿಯಿಂದ ಕತ್ತರಿಸು ಅಂತಾನೆ, ಕೇಳಿದೋನ ಬಾಯಿ ಮುಚ್ಚಿಸು ಅಂತಲ್ಲ. ಕೊನೆಗೆ 18.63ರಲ್ಲಿ ಕೃಷ್ಣನೇ "ಪೂರ್ತಿ ವಿಮರ್ಶೆ ಮಾಡಿ ನಿನಗೆ ಇಷ್ಟ ಬಂದಂತೆ ಮಾಡು" ಅಂತ ಬಿಟ್ಟುಬಿಡ್ತಾನೆ. ಭಗವಂತನೇ ಕೊಟ್ಟ ಸ್ವಾತಂತ್ರ್ಯ ಈ ಗುಂಪಲ್ಲೂ ಇರಲಿ.

ಮಾಲೂರು ಭಾವ: ಮೇಷ್ಟ್ರೇ, ಫಾರ್ವರ್ಡ್‌ನಲ್ಲಿರೋದು?

ಮೇಷ್ಟ್ರು ಮಾವ: ಆ ಸಾಲುಗಳು ಗೀತೆಯಲ್ಲಿಲ್ಲ. ಗೋಡೆ ಕ್ಯಾಲೆಂಡರ್‌ನಲ್ಲಿ ಮಾತ್ರ ಇವೆ. ಆದದ್ದೆಲ್ಲಾ ಒಳ್ಳೇದೇ ಅನ್ನೋದಾಗಿದ್ರೆ ಅರ್ಜುನನಿಗೆ 2ನೇ ಅಧ್ಯಾಯದಲ್ಲೇ ಎರಡು ಸಾಲು ಹೇಳಿ ರಥ ತಿರುಗಿಸಬಹುದಿತ್ತು. 18 ಅಧ್ಯಾಯ ಯಾಕೆ ಬೇಕಿತ್ತು?

ದೊಡ್ಡಪ್ಪ: "ಕರ್ಮಣ್ಯೇವಾಧಿಕಾರಸ್ತೇ ಮಾ ಫಲೇಷು ಕದಾಚನ" ಇದೆಯೋ ಇಲ್ವೋ? ಅದರ ಅರ್ಥ ಇದೇ ಅಲ್ವಾ?

ಮೇಷ್ಟ್ರು ಮಾವ: ಅದು 2.47ರ ಅರ್ಧ. ಒಂದು ಶ್ಲೋಕಕ್ಕೆ ನಾಲ್ಕು ಪಾದ, ಎಲ್ಲರೂ ಎರಡಕ್ಕೆ ನಿಲ್ಲಿಸ್ತಾರೆ. ಮೂರನೆಯದು, ಫಲಕ್ಕಾಗಿಯೇ ಮಾಡೋನಾಗಬೇಡ. ನಾಲ್ಕನೆಯದು "ಮಾ ತೇ ಸಂಗೋಽಸ್ತ್ವಕರ್ಮಣಿ", ಏನೂ ಮಾಡದೆ ಕೂರೋದಕ್ಕೂ ಅಂಟಿಕೊಳ್ಳಬೇಡ. ಆ ಕೊನೇ ಪಾದ ಬಿಟ್ರೆ ಶ್ಲೋಕ ಸೋಮಾರಿಗಳ ಪಾಲಾಗುತ್ತೆ.

ಬಂಗಾರಪೇಟೆ ಚಿಕ್ಕಪ್ಪ: ಫಲದ ಮೇಲೆ ಅಧಿಕಾರ ಇಲ್ಲ ಅಂದ್ರೆ ಬೆಳೆ ಇಡೋನು ಏನ್ ಮಾಡ್ಬೇಕು ಮೇಷ್ಟ್ರೇ?

ಮೇಷ್ಟ್ರು ಮಾವ: ಅದಕ್ಕೆ 18.14 ನೋಡು. ಯಾವ ಕೆಲಸಕ್ಕೂ ಐದು ಕಾರಣ: ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ. ಶಂಕರಾಚಾರ್ಯರು ಗೀತೆಗೆ ಬರೆದ ವ್ಯಾಖ್ಯಾನ ಶಂಕರಭಾಷ್ಯದಲ್ಲಿ ಅಧಿಷ್ಠಾನ ಅಂದ್ರೆ ಶರೀರ, ಕರಣ ಅಂದ್ರೆ ಇಂದ್ರಿಯಗಳು. ನಮ್ಮ ಕಡೆಗೆ ಹೊಂದಿಸಿ ಹೇಳೋದಾದ್ರೆ ಟೊಮೆಟೊ ತಗೋ. ಹೊಲ ಒಂದು, ನೀನೊಬ್ಬ, ಡ್ರಿಪ್ಪು ಕೋಲು ದಾರ ಮೂರನೆಯದು, ನಾಟಿಯಿಂದ ಕಟಾವಿನ ತನಕ ನಿನ್ನ ಓಡಾಟ ನಾಲ್ಕು. ಕೋಲಾರ ಮಂಡೀಲಿ 15 ಕೆಜಿ ಬಾಕ್ಸಿಗೆ ಅವತ್ತು ಏನು ಕೂಗ್ತಾರೋ ಅದು ಐದನೆಯದು. ಐದನೆಯದು ಕೈಲಿಲ್ಲ ಅಂತ ಮೊದಲ ನಾಲ್ಕು ಬಿಡಬೇಡ, ನಾಲ್ಕು ಮಾಡಿದ್ದೀನಿ ಅಂತ ಐದನೆಯದರ ಮೇಲೆ ಹಕ್ಕು ಸಾಧಿಸಬೇಡ. ಇಷ್ಟೇ.

ಬಂಗಾರಪೇಟೆ ಚಿಕ್ಕಪ್ಪ: ಇದು ಅರ್ಥ ಆಯ್ತು. ಖಾತೆ ಬದಲಾವಣೆ ಅರ್ಜಿ ಮೊದಲ ನಾಲ್ಕರಲ್ಲಿ ಬರುತ್ತಾ?

ದೊಡ್ಡಪ್ಪ: ಎಲ್ಲಾ ಗೊತ್ತಿರೋರೇ ಮಾತಾಡಿ. ನಾನು ಗುಂಪು ಬಿಡ್ತೀನಿ.

ಚಿಂತಾಮಣಿ ಸೀನ: ಯಾಕ್ ದೊಡ್ಡಪ್ಪ, ಮೊನ್ನೆ ಕೈವಾರಕ್ಕೆ ಹೋದಾಗಲೂ ಹೀಗೇ ಅಂದು ವ್ಯಾನ್ ಹತ್ತಲ್ಲ ಅಂದ್ರಿ.

ಮೇಷ್ಟ್ರು ಮಾವ: 17.15 ನೋಡಿ, ಮಾತಿನ ತಪಸ್ಸು. ಕೆರಳಿಸದ, ಸತ್ಯವಾದ, ಪ್ರಿಯವೂ ಹಿತವೂ ಆದ ಮಾತು. ಇವೆಲ್ಲ ಒಟ್ಟಿಗೇ ಇರಬೇಕು ಅಂತಾರೆ ಶಂಕರರು. ನಿಜ ಹೇಳಿ ಕೆರಳಿಸಿದ್ರೂ ತಪಸ್ಸಲ್ಲ, ಪ್ರಿಯವಾಗಿ ಸುಳ್ಳು ಫಾರ್ವರ್ಡ್ ಮಾಡಿದ್ರೂ ಅಲ್ಲ. ಮಾಲೂರಿನೋರಿಗೂ ಸೇರಿಸಿ ಹೇಳ್ತಿದ್ದೀನಿ.

ಪುಟ್ಟಿ: ಮಾವ, ನನ್ನ ಮೂಗು!

ಮೇಷ್ಟ್ರು ಮಾವ: ಕ್ಷಮಿಸು ಮಗಳೇ, ಇದೇ ನಿಜವಾದ ಪ್ರಶ್ನೆ. 6.13ರಲ್ಲಿ "ಸಂಪ್ರೇಕ್ಷ್ಯ ನಾಸಿಕಾಗ್ರಂ ಸ್ವಂ" ಅಂತಿರೋದು ಹೌದು. ಆದ್ರೆ ಶಂಕರರು ಅಲ್ಲಿ ಒಂದು "ಇವ" ಸೇರಿಸಿಕೊಂಡು ಓದ್ಬೇಕು ಅಂತಾರೆ. ಮೂಗಿನ ತುದಿ ನೋಡ್ತಿರೋ ಹಾಗೆ ಇರೋದು, ದಿಟ್ಟಿಸೋದಲ್ಲ. ದಿಟ್ಟಿಸಿದ್ರೆ ಮನಸ್ಸು ಮೂಗಲ್ಲೇ ನಿಲ್ಲುತ್ತೆ, ಆತ್ಮದಲ್ಲಲ್ಲ ಅಂತ ಅವರ ವಾದ. ಕಣ್ಣು ಒಳಕ್ಕೆ ಎಳೆದು ಹಿಡಿದ್ರೆ ಹುಬ್ಬು ನೋಯದೆ ಇನ್ನೇನಾಗುತ್ತೆ? ರೆಪ್ಪೆ ಅರ್ಧ ಇಳಿಸಿ, ದೃಷ್ಟಿ ಸಡಿಲ ಬಿಡು.

ಕೂರೋ ಜಾಗ 6.11ರಲ್ಲಿದೆ: ಶುಚಿ, ಅಲುಗಾಡದ್ದು, ತೀರಾ ಎತ್ತರವೂ ತಗ್ಗೂ ಅಲ್ಲದ್ದು. ಶ್ಲೋಕದಲ್ಲಿ ಬಟ್ಟೆ, ಅಜಿನ, ದರ್ಭೆ ಅಂತ ಕ್ರಮ ಇದೆ, ಹಾಸೋವಾಗ ಉಲ್ಟಾ. ದರ್ಭೆ ಕೆಳಗೆ, ಚರ್ಮ ನಡುವೆ, ಬಟ್ಟೆ ಮೇಲೆ. ಈಗ ಚಾಪೆ, ಕಂಬಳಿ, ಹತ್ತಿ ಪಂಚೆ ಸಾಕು. ಸೋಫಾ ಬೇಡ, ಸೊಂಟ ಕುಸಿದ್ರೆ ಕತ್ತು ಮುಂದೆ ಬಾಗುತ್ತೆ, "ಸಮಂ ಕಾಯಶಿರೋಗ್ರೀವಂ", ಅಂದ್ರೆ ಮೈ, ತಲೆ, ಕತ್ತು ನೇರ, ಆಗೋದಿಲ್ಲ.

ಪುಟ್ಟಿ: ಬರೀ ಹೊಟ್ಟೆ?

ಮೇಷ್ಟ್ರು ಮಾವ: 6.16: ಅತಿಯಾಗಿ ತಿನ್ನೋನಿಗೂ ಇಲ್ಲ, ಏನೂ ತಿನ್ನದೋನಿಗೂ ಯೋಗ ಇಲ್ಲ. ಭಾಷ್ಯದಲ್ಲಿ ಅಳತೆಯೂ ಇದೆ. ಹೊಟ್ಟೆ ಅರ್ಧ ಅನ್ನ ಪಲ್ಯಕ್ಕೆ, ಕಾಲು ಭಾಗ ನೀರಿಗೆ, ಉಳಿದ ಕಾಲು ಗಾಳಿ ಆಡೋಕೆ ಖಾಲಿ. ಮನಸ್ಸು ಓಡಿದ್ರೆ ಬೈಕೋಬೇಡ, 6.26 ಹೇಳೋ ಹಾಗೆ ಎಲ್ಲಿಗೆ ಓಡ್ತೋ ಅಲ್ಲಿಂದ ವಾಪಸ್ ತಾ. ನೂರು ಸಲ ಓಡಿದ್ರೆ ನೂರು ಸಲ.

ಪುಟ್ಟಿ: ಪುಸ್ತಕ ಎಲ್ಲಿಂದ ಶುರು ಮಾಡ್ಲಿ?

ಮೇಷ್ಟ್ರು ಮಾವ: 12ನೇ ಅಧ್ಯಾಯ, ಇರೋದು 20 ಶ್ಲೋಕ. ದಿನಕ್ಕೆ ಒಂದು. ಮೊದಲು ಪದ ಬಿಡಿಸು, ಆಮೇಲೆ ಅನ್ವಯ, ಆಮೇಲೆ ಅರ್ಥ. ಅರ್ಥ ಮೊದಲು ಓದಿದ್ರೆ ಶ್ಲೋಕ ನೋಡೋದೇ ಇಲ್ಲ. ಅದಾದ್ಮೇಲೆ 2ನೇದು, 72 ಶ್ಲೋಕ. 13ಕ್ಕೆ ಬಂದಾಗ ಹುಷಾರು, ಕೆಲವು ಪುಸ್ತಕದಲ್ಲಿ ಅರ್ಜುನನ ಪ್ರಶ್ನೆ ಒಂದು ಶ್ಲೋಕ ಮೊದಲಲ್ಲೇ ಸೇರಿರುತ್ತೆ. ಆಗ ಆ ಅಧ್ಯಾಯ 35, ಒಟ್ಟು 701. ನಂಬರ್ ಒಂದೊಂದು ಮುಂದಕ್ಕೆ ಹೋಗುತ್ತೆ.

ದೊಡ್ಡಪ್ಪ: ತಪ್ಪು! ನನ್ನ ಕೈಲಿರೋ ಪುಸ್ತಕದಲ್ಲಿ 34 ಇದೆ. ಫೋಟೋ ನೋಡಿ.

ಮೇಷ್ಟ್ರು ಮಾವ: ಕೆಲವು ಅಂದೆ ದೊಡ್ಡಪ್ಪ.

ಮುಳಬಾಗಿಲು ಅತ್ತೆ: ಅಣ್ಣ, ಪುಟದ ಅಂಚಲ್ಲಿ ಕಾಣ್ತಿರೋದು ಬೂದು ರಟ್ಟಲ್ವಾ? ಮೇಲೆ ನನ್ನ ಕೈಬರಹ.

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ.

ಮಾಲೂರು ಭಾವ: ನಾನು ಡೌನ್‌ಲೋಡ್ ಮಾಡ್ಕೊಂಡಿದ್ದೀನಿ ಅತ್ತೆ.