ಅಣ್ಣನಿಲ್ಲದ ಮೇಲೂ ನಾನು ‘ಸಣ್ಣಯ್ಯ’ನೇ?

ಪ್ರಶ್ನೆ: ತೋಟಕ್ಕೆ ಮರಳಿದವ, ಸಕಲೇಶಪುರ

ನನಗೀಗ 58 ವರ್ಷ. ಬೆಂಗಳೂರಿನಲ್ಲಿ 30 ವರ್ಷ ಲೆಕ್ಕಪತ್ರದ ಕೆಲಸ ಮಾಡಿಕೊಂಡಿದ್ದವನು, ಕಳೆದ ವರ್ಷ ಅಣ್ಣ ತೀರಿಕೊಂಡ ಮೇಲೆ ಕಾಫಿ ತೋಟ ನೋಡಿಕೊಳ್ಳಲು ಊರಿಗೆ ಬಂದಿದ್ದೇನೆ. ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ತೋಟದಲ್ಲಿ ದುಡಿಯುವವರು ಅವನನ್ನು ‘ದೊಡ್ಡಯ್ಯ’ ಎಂದೂ ನನ್ನನ್ನು ‘ಸಣ್ಣಯ್ಯ’ ಎಂದೂ ಕರೆಯುತ್ತಿದ್ದರು, ನನ್ನನ್ನು ಈಗಲೂ ಹಾಗೆಯೇ ಕರೆಯುತ್ತಾರೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ದೊಡ್ಡಯ್ಯನ ಜಾಗ ಖಾಲಿಯಿರುವುದು ನೆನಪಾಗಿ ಸಂಕಟವಾಗುತ್ತದೆ. ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ರೆಂಬೆ ಕಡಿಸುವ ಕೆಲಸ, ಮಾಡಿಸುವಾಗ ಯಾವ ರೆಂಬೆ ಇಳಿಸಬೇಕು, ಎಲ್ಲಿ ನೆರಳು ಉಳಿಸಬೇಕು ಎಂದು ನಾನು ಹೇಳುವ ಮಾತೂ ಅವನದೇ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ರೀತಿಯೂ ಅವನದೇ. ಅವನಿಂದ ಬಂದದ್ದನ್ನೆಲ್ಲ ಕಳೆದರೆ ನನ್ನದೆಂಬುದು ಏನಾದರೂ ಉಳಿಯುತ್ತದೆಯೇ? ಹಾಗೆ ಕರೆಯಬೇಡಿ ಎಂದು ಆಳುಗಳಿಗೆ ಹೇಳಬೇಕೆ, ಬಿಡಬೇಕೆ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ನಿವೃತ್ತ ಅಧ್ಯಾಪಕ, ಚಿಕ್ಕಮಗಳೂರು

ನಾನು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದವನು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್, ಮನುಷ್ಯನ ತಿಳಿವಳಿಕೆಯನ್ನು ಕುರಿತ ತನ್ನ ಗ್ರಂಥದ 1694ರ ಎರಡನೆಯ ಆವೃತ್ತಿಗೆ ಸೇರಿಸಿದ ಅಧ್ಯಾಯವೊಂದರಲ್ಲಿ, ಒಬ್ಬನ ಪ್ರಜ್ಞೆ ಹಿಂದಕ್ಕೆ ಎಷ್ಟು ದೂರ ಚಾಚುತ್ತದೆಯೋ ಅಷ್ಟು ದೂರದವರೆಗೆ ಅವನು ಅದೇ ವ್ಯಕ್ತಿ ಎಂದು ವಾದಿಸಿದ. 1785ರಲ್ಲಿ ಸ್ಕಾಟ್ಲೆಂಡಿನ ತತ್ವಜ್ಞಾನಿ ಥಾಮಸ್ ರೀಡ್ ಇದಕ್ಕೆ ಒಂದು ದೃಷ್ಟಾಂತದಿಂದ ಆಕ್ಷೇಪವೆತ್ತಿದ. ತೋಟದಲ್ಲಿ ಹಣ್ಣು ಕದ್ದು ಶಾಲೆಯಲ್ಲಿ ಏಟು ತಿಂದ ಹುಡುಗನೊಬ್ಬ ಮುಂದೆ ಯುದ್ಧದಲ್ಲಿ ಶತ್ರುವಿನ ಧ್ವಜವನ್ನು ಕಿತ್ತುಕೊಂಡ ಅಧಿಕಾರಿಯಾಗುತ್ತಾನೆ, ಇನ್ನೂ ಮುಂದೆ ಸೇನಾಪತಿಯಾಗುತ್ತಾನೆ. ಅಧಿಕಾರಿಗೆ ಏಟಿನ ನೆನಪಿದೆ. ಸೇನಾಪತಿಗೆ ಧ್ವಜದ ನೆನಪಿದೆ, ಏಟು ಮಾತ್ರ ಪೂರ್ತಿ ಮರೆತುಹೋಗಿದೆ. ಹಾಗಾದರೆ ಲಾಕ್‌ನ ಮಾತಿನ ಪ್ರಕಾರ ಹುಡುಗನೇ ಅಧಿಕಾರಿ, ಅಧಿಕಾರಿಯೇ ಸೇನಾಪತಿ ಆದ್ದರಿಂದ ಆ ಸೇನಾಪತಿಯೇ ಆ ಹುಡುಗ ಎಂದೂ ಹೇಳಬೇಕಾಗುತ್ತದೆ, ಏಟಿನ ನೆನಪಿಲ್ಲದ್ದರಿಂದ ಅಲ್ಲವೆಂದೂ ಹೇಳಬೇಕಾಗುತ್ತದೆ.

ವರ್ಷ ವರ್ಷವೂ ಇದನ್ನು ಪಾಠ ಮಾಡಿದ ನನಗೆ ಉಳಿದಿರುವ ತಕರಾರೆಂದರೆ, ಇಬ್ಬರೂ ನೆನಪನ್ನು ಒಬ್ಬನ ತಲೆಯೊಳಗೆ ಮಾತ್ರ ಹುಡುಕಿದರು. ಆ ಸೇನಾಪತಿಗೆ ಅಣ್ಣನೊಬ್ಬನಿದ್ದಿದ್ದರೆ ಏಟು ಬಿದ್ದ ದಿನದ ಕತೆಯನ್ನು ಅವನು ಹೇಳುತ್ತಿದ್ದನಲ್ಲವೇ? ನೀವು ಅಂಬೆಗಾಲಿಟ್ಟದ್ದು ನಿಮಗೆ ನೆನಪಿರಲಾರದು. ಅದನ್ನು ಕಣ್ಣಾರೆ ಕಂಡು ಇಟ್ಟುಕೊಂಡಿದ್ದವರು ನಿಮ್ಮ ಅಣ್ಣ. ಆದ್ದರಿಂದ ನಿಮಗಾಗಿರುವ ಸಂಕಟ ಅಣ್ಣನನ್ನು ಕಳೆದುಕೊಂಡದ್ದಕ್ಕೆ ಮಾತ್ರವಲ್ಲ, ಅವರಲ್ಲಿದ್ದ ನಿಮ್ಮನ್ನು ಕಳೆದುಕೊಂಡದ್ದಕ್ಕೂ ಇರಬೇಕೆಂದು ನನಗೆ ತೋರುತ್ತದೆ.

ನಿಮ್ಮ ಜಿಲ್ಲೆಯ ಬೇಲೂರಿನಲ್ಲಿ, ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇಗುಲದ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರುಗಳಿವೆ. ದಾಸೋಜ ತನ್ನನ್ನು ಬಳ್ಳಿಗಾವೆಯವನೆಂದು ಗುರುತಿಸಿಕೊಂಡರೆ, ಚಾವಣ ತಾನು ದಾಸೋಜನ ಮಗನೆಂದು ಗುರುತಿಸಿಕೊಂಡಿದ್ದಾನೆ. ಅಂಥ ಕೆಲಸ ಮಾಡಬಲ್ಲ ಕೈಗೆ ತಂದೆಯ ಹೆಸರನ್ನು ಹೇಳಿಕೊಂಡದ್ದು ಕುಂದೆನಿಸಲಿಲ್ಲ. ‘ಸಣ್ಣಯ್ಯ’ ಎಂಬುದನ್ನು ಬಿಡಬೇಡಿ.

ಉತ್ತರ: ಹಾಸನದ ಓದುಗಿ

ಮೇಷ್ಟ್ರ ಮಾತನ್ನು ಗೌರವದಿಂದ ಓದಿದೆ. ಆದರೆ ಬೇಲೂರಿನ ಆ ಬರಹದಲ್ಲಿ ಚಾವಣನ ತಾಯಿಯ ಹೆಸರಿಲ್ಲ ಎಂಬುದನ್ನೂ ನಾವು ಗಮನಿಸಬೇಕು. ಸಂಬಂಧಗಳು ನಮ್ಮನ್ನು ರೂಪಿಸುತ್ತವೆ ಎನ್ನುವುದು ನಿಜವೇ ಆದರೂ ಎಲ್ಲರನ್ನೂ ಒಂದೇ ಸಮನಾಗಿ ರೂಪಿಸುವುದಿಲ್ಲ. ಅರಸೀಕೆರೆಯ ಕಡೆಯ ಕೂಡುಕುಟುಂಬಕ್ಕೆ ಸೊಸೆಯಾಗಿ ಹೋದ ನಾನು 20 ವರ್ಷ ‘ದೊಡ್ಡ ಸೊಸೆ’ಯಾಗಿದ್ದೆ, ಆಮೇಲೆ ಮಗನ ಹೆಸರು ಹಿಡಿದು ಅವನ ಅಮ್ಮನಾದೆ. ನನ್ನ ಹೆಸರನ್ನು ಪೂರ್ತಿಯಾಗಿ ಕೂಗುತ್ತಿದ್ದವಳು ಬಾಲ್ಯದ ಗೆಳತಿಯೊಬ್ಬಳೇ. ಅವಳ ಫೋನು ಬಂದ ದಿನ ಬೆನ್ನು ನೇರ ಮಾಡಿಕೊಂಡು ಕುಳಿತುಕೊಳ್ಳುತ್ತಿದ್ದೆ. ಅದೂ ಒಂದು ಸಂಬಂಧವೇ, ಆದರೆ ನಾನೇ ಆರಿಸಿಕೊಂಡದ್ದು.

ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ ಬಸದಿಗೆ ಅವಳ ಬಿರುದಿನಿಂದಲೇ ‘ಸವತಿಗಂಧವಾರಣ’ ಎಂಬ ಹೆಸರು ಬಂದಿದೆ. ಸವತಿಯರ ಪಾಲಿಗೆ ಮದಗಜ ಎಂದು ಅದರ ಅರ್ಥ. ಪಟ್ಟದ ರಾಣಿಯ ಹಿರಿಮೆಯನ್ನು ಹೇಳುವುದಕ್ಕೂ ಸವತಿಯರನ್ನು ಕರೆತರಬೇಕಾಯಿತಲ್ಲ ಎಂದು ಆ ಬಸದಿಯ ಮುಂದೆ ನಿಂತಾಗ ನನಗೆ ಬಹಳ ಬೇಸರವಾಗಿತ್ತು.

ನಿಮ್ಮನ್ನು ಏನೆಂದು ಕರೆಯಬೇಕೆಂಬುದನ್ನು ನೀವು ಮತ್ತು ಕರೆಯುವವರು ಮಾತಾಡಿ ತೀರ್ಮಾನಿಸಬಹುದು. ನನ್ನದು ಬೇರೆಯೇ ಒಂದು ಪ್ರಶ್ನೆ: ನಿಮ್ಮನ್ನು ಸಣ್ಣಯ್ಯ ಎನ್ನುವವರನ್ನು ನೀವು ಏನೆಂದು ಕರೆಯುತ್ತೀರಿ? ಅವರ ಹೆಸರುಗಳು ನಿಮಗೆ ಗೊತ್ತಿವೆಯೇ? ಇನ್ನೊಂದು, ಅಣ್ಣನಿಗೆ ಮಕ್ಕಳಿದ್ದರೆ ಅವರ ತಂದೆಯ ಬಾಲ್ಯವನ್ನು ಕಂಡವರು ಈಗ ನೀವೊಬ್ಬರೇ ಇರಬಹುದು. ನಿಮ್ಮದೆಂಬುದು ಏನು ಉಳಿದಿದೆ ಎಂದು ಕೇಳಿದಿರಿ. ಅಣ್ಣನದು ನಿಮ್ಮಲ್ಲಿ ಎಷ್ಟೋ ಉಳಿದಿದೆ, ಅದನ್ನು ಮಕ್ಕಳಿಗೆ ದಾಟಿಸಿ.

ಮರುಮಾತು: ತೋಟಕ್ಕೆ ಮರಳಿದವ, ಸಕಲೇಶಪುರ

ಇಬ್ಬರಿಗೂ ನಮಸ್ಕಾರ. ಅಣ್ಣನ ಮಗ ಕೊಯ್ಲಿಗೆಂದು ಬಂದಿದ್ದ. ಸಂಜೆ ಕಣದಲ್ಲಿ ಕಾಫಿ ರಾಶಿ ಮಾಡಿ ಟಾರ್ಪಾಲು ಹೊದಿಸಿದ ಮೇಲೆ, ಅವನ ಅಪ್ಪ ಹುಡುಗನಾಗಿದ್ದಾಗ ಮಳೆಗಾಲದಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹಳ್ಳ ದಾಟಿಸುತ್ತಿದ್ದುದನ್ನೂ, ನಡುನೀರಿನಲ್ಲಿ ಅವನಿಗೇ ಭಯವಾಗಿ ಜೋರಾಗಿ ಹಾಡು ಹೇಳುತ್ತಿದ್ದುದನ್ನೂ ಹೇಳಿದೆ. “ಅಪ್ಪನಿಗೆ ಭಯವಾಗುತ್ತಿತ್ತೇ, ಚಿಕ್ಕಪ್ಪ?” ಎಂದು ಅವನು ಎರಡು ಸಲ ಕೇಳಿದ.

ಹಾಸನದ ಅಕ್ಕನವರ ಪ್ರಶ್ನೆಗೆ ಉತ್ತರಿಸುವುದು ಕಷ್ಟವಾಯಿತು. ಅಣ್ಣನ ಕೈಬರಹದ ಕೂಲಿ ಪುಸ್ತಕ ತೆಗೆದು ನೋಡಿದರೆ, ನಮ್ಮ ತೋಟದಲ್ಲಿ ಎಲ್ಲರಿಗಿಂತ ಹಳಬರಾದ ಹೆಂಗಸಿನ ಸಾಲಿನಲ್ಲಿ ಅವರ ಮಗನ ಹೆಸರು ಬರೆದು, ಮುಂದೆ ‘ಅವ್ವ’ ಎಂದಷ್ಟೇ ಇತ್ತು. ನಾನೂ ಹುಟ್ಟಿದಾಗಿನಿಂದ ಅವರನ್ನು ಹಾಗೆಯೇ ಕರೆದವನು. ಮರುದಿನ ಬೆಳಿಗ್ಗೆ ಆಳುಗಳು ವಾಸಿಸುವ ಲೈನ್ ಮನೆಯ ಹತ್ತಿರ ಹೋಗಿ ಅವರ ಹೆಸರು ಕೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬಹಳ ಹೊತ್ತು ನಕ್ಕರು, ಆಮೇಲೆ ಮೆಲ್ಲಗೆ ಹೇಳಿದರು. ಅಣ್ಣ ಬರೆದದ್ದನ್ನು ಹೊಡೆದುಹಾಕಲು ಮನಸ್ಸಾಗದೆ, ಅದರ ಪಕ್ಕದಲ್ಲೇ ಆ ಹೆಸರನ್ನು ಬರೆದಿದ್ದೇನೆ.