ಅಪ್‌ಡೇಟ್: ಕೊನೆಗೂ ಸಿಲ್ವರ್ ಪ್ಲಾನ್ ಆರಿಸಿದೆವು

ಪತಿಯ ಕೆಲಸ ಹೋಗಿ ಕಂಪನಿಯ ಆರೋಗ್ಯ ವಿಮೆ ನಿಂತಾಗ, ಟೆಕ್ಸಾಸ್‌ನಲ್ಲಿರುವ ನಾವು ಅಮೆರಿಕ ಸರ್ಕಾರದ ಆರೋಗ್ಯ ವಿಮೆ ತಾಣವಾದ ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ, ಸಾಮಾನ್ಯವಾಗಿ ಪ್ರೀಮಿಯಂ ಕಡಿಮೆಯಿದ್ದು ಚಿಕಿತ್ಸೆಗೆ ಕೈಯಿಂದ ಹೆಚ್ಚು ಕೊಡಬೇಕಾಗುವ ಬ್ರಾಂಜ್ ಪ್ಲಾನ್ ಕೊಳ್ಳಬೇಕೇ ಅದರ ಮೇಲಿನ ಹಂತದ ಸಿಲ್ವರ್ ಕೊಳ್ಳಬೇಕೇ ಎಂದು ಇಲ್ಲಿ ಎರಡು ವಾರಗಳ ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದಗಳು. ಸಿಲ್ವರ್ ಆರಿಸಿದ್ದೇವೆ, ಮುಂದಿನ ತಿಂಗಳ 1ರಿಂದ ಅದು ಜಾರಿಗೆ ಬರುತ್ತದೆ.

ಹಳೆಯ ವಿಮೆಯನ್ನೇ ಕೋಬ್ರಾ (ಕೆಲಸ ಹೋದ ಮೇಲೂ ಕಂಪನಿಯ ವಿಮೆಯನ್ನು ಸ್ವಲ್ಪ ಕಾಲ ಉಳಿಸಿಕೊಳ್ಳಲು ಬಿಡುವ ಕಾನೂನು) ಮೂಲಕ ಮುಂದುವರಿಸುವ ಸಲಹೆ ನಮಗೆ ಹೊಂದಲಿಲ್ಲ. ಕಂಪನಿ ಕಟ್ಟುತ್ತಿದ್ದ ಪಾಲೂ ಸೇರಿದಂತೆ ಪೂರ್ತಿ ಪ್ರೀಮಿಯಂ ಮತ್ತು ಅದರ ಮೇಲೆ ಶೇ. 2ರವರೆಗಿನ ನಿರ್ವಹಣಾ ಶುಲ್ಕವನ್ನು ನಾವೇ ಭರಿಸಬೇಕಿತ್ತು. ಫಲಿಸಿದ್ದು, ಪ್ರೀಮಿಯಂ ನೋಡುವ ಮೊದಲು ವರ್ಷದ ಆದಾಯದ ಅಂದಾಜನ್ನು ಸರಿಯಾಗಿ ತುಂಬಿರಿ ಎಂದು ಇಲ್ಲಿ ಒಬ್ಬರು ಹೇಳಿದ ಮಾತು. ನಿರುದ್ಯೋಗ ಭತ್ಯೆಯನ್ನೂ ಸೇರಿಸಿ ಲೆಕ್ಕ ಹಾಕಿದಾಗ ನಮ್ಮ ಆದಾಯ ಫೆಡರಲ್ ಬಡತನ ರೇಖೆಯ (ಕೇಂದ್ರ ಸರ್ಕಾರ ಕುಟುಂಬದ ಗಾತ್ರ ನೋಡಿ ನಿಗದಿಪಡಿಸುವ ಆದಾಯದ ಮಿತಿ) ಶೇ. 250ರ ಒಳಗೇ ಬಂದುದರಿಂದ, ಪ್ರೀಮಿಯಂಗೆ ಸಿಗುವ ತೆರಿಗೆ ರಿಯಾಯಿತಿಯ ಜೊತೆಗೆ ಡಿಡಕ್ಟಿಬಲ್ (ವಿಮೆ ಹಣ ಕೊಡಲು ಶುರುಮಾಡುವ ಮೊದಲು ನಾವೇ ಭರಿಸುವ ಮೊತ್ತ) ಮತ್ತು ಕೋ-ಪೇಗಳನ್ನು (ಪ್ರತಿ ಭೇಟಿಗೆ ಅಥವಾ ಔಷಧಿಗೆ ನಾವು ಕೊಡುವ ಪಾಲು) ತಗ್ಗಿಸುವ ನೆರವೂ ದೊರೆಯಿತು. ಈ ಎರಡನೆಯ ನೆರವು ನಮ್ಮಂಥವರಿಗೆ ಸಿಲ್ವರ್ ಪ್ಲಾನ್‌ನಲ್ಲಿ ಮಾತ್ರ ಸಿಗುತ್ತದೆಂಬುದು ನನಗೆ ಗೊತ್ತೇ ಇರಲಿಲ್ಲ. ಅಗ್ಗವೆಂದು ಬ್ರಾಂಜ್ ಹಿಡಿದಿದ್ದರೆ ಅದನ್ನು ಕಳೆದುಕೊಳ್ಳುತ್ತಿದ್ದೆವು.

ಮಗಳ ಆಸ್ತಮಾ ವೈದ್ಯರ ಹೆಸರು ಒಂದು ವಿಮಾ ಕಂಪನಿಯ ವೈದ್ಯರ ಪಟ್ಟಿಯಲ್ಲಿತ್ತು, ಆದರೆ ಕ್ಲಿನಿಕ್‌ಗೆ ಫೋನ್ ಮಾಡಿದಾಗ ಆ ಪ್ಲಾನ್ ತೆಗೆದುಕೊಳ್ಳುವುದಿಲ್ಲವೆಂದರು. ದಯವಿಟ್ಟು ನೀವೂ ಫೋನ್ ಮಾಡಿಯೇ ಖಚಿತಪಡಿಸಿಕೊಳ್ಳಿ. ಆದಾಯ ಹೆಚ್ಚಾದರೆ ಕೂಡಲೇ ಹೆಲ್ತ್‌ಕೇರ್ ಡಾಟ್ ಗವ್‌ಗೆ ತಿಳಿಸಬೇಕು, ಇಲ್ಲವಾದರೆ ತೆರಿಗೆ ಸಲ್ಲಿಸುವಾಗ ರಿಯಾಯಿತಿಯನ್ನು ಹಿಂತಿರುಗಿಸಬೇಕಾಗಬಹುದು. ವಿಮೆ ನಿಂತ ದಿನದಿಂದ ಪ್ಲಾನ್ ಆರಿಸಲು ಇರುವುದು 60 ದಿನ. ನಾವು 41ನೆಯ ದಿನ ಮುಗಿಸಿದೆವು.