ಗಾಳಿಗೆ ಬಿಟ್ಟ ದೋಣಿಯಲ್ಲಿ ಟ್ರೌಟ್ ಬೇಟೆ: ಅಪ್ಪನನ್ನು ಲಾಕ್ ಕಾರಿಬ್‌ಗೆ ಕರ್ಕೊಂಡು ಹೋಗಬಹುದಾ?

ಗೊರೂರು_ಹಿನ್ನೀರು:
ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಐರ್ಲೆಂಡಿನ ಗಾಲ್ವೇಯಲ್ಲಿದ್ದೀನಿ. ಮೇ ತಿಂಗಳಲ್ಲಿ ಅಪ್ಪ ಬರ್ತಿದ್ದಾರೆ. ಅರವತ್ತೆಂಟು ವಯಸ್ಸು, ಆದರೂ ಗಟ್ಟಿಮುಟ್ಟಾಗಿದ್ದಾರೆ. ಗೊರೂರು ಹಿನ್ನೀರಿನ ದಡದಲ್ಲಿ ಬಿದಿರು ಕೋಲು, ಎರೆಹುಳ ಇಟ್ಟುಕೊಂಡು ಕೂತರೆ ಅವರಿಗೆ ಊಟದ ನೆನಪೂ ಇರೋದಿಲ್ಲ. ಇಲ್ಲಿಗೆ ಬಂದಾಗ ಅವರನ್ನು ಮೀನು ಹಿಡಿಯೋಕೆ ಕರ್ಕೊಂಡು ಹೋಗಲೇಬೇಕು ಅಂತ ನನ್ನಾಸೆ.

ನನ್ನ ಜೊತೆ ಕೆಲಸ ಮಾಡೋರು ಲಾಕ್ ಕಾರಿಬ್ ಸರೋವರದಲ್ಲಿ ಟ್ರೌಟ್ ಮೀನು ಹಿಡೀತಾರೆ. ಇಂಜಿನ್ ನಿಲ್ಲಿಸಿ, ಲಂಗರೂ ಹಾಕದೆ, ದೋಣಿಯನ್ನು ಗಾಳಿ ಬೀಸಿದ ಕಡೆ ಬಿಟ್ಟುಬಿಡ್ತಾರಂತೆ. ದೋಣಿಯೇ ನಿಲ್ಲದಿದ್ದರೆ ಮೀನು ಕಚ್ಚೋದು ಹೇಗೆ? ಆ ಫ್ಲೈ (ಹುಳದ ಹಾಗೆ ಕಟ್ಟಿದ ಹಗುರ ಗಾಳ) ಬೀಸೋದನ್ನು ಈ ವಯಸ್ಸಲ್ಲಿ ಅಪ್ಪನಿಗೆ ಕಲಿಸೋಕಾಗುತ್ತಾ? ಲೈಸೆನ್ಸ್ ಬೇಕಾ? ನಾವಿಬ್ಬರೇ ದೋಣಿ ಬಾಡಿಗೆಗೆ ತಗೊಂಡು ಹೋಗಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಊಕ್ಟರಾರ್ಡ್_ಕನ್ನಡಿಗ:
ಖಂಡಿತ ಕರ್ಕೊಂಡು ಹೋಗಿ. ಆದರೆ ಫ್ಲೈ ಬೀಸೋದನ್ನು ಕಲಿಸೋಕೆ ಹೋಗಬೇಡಿ, ಡ್ಯಾಪಿಂಗ್ ಮಾಡಿಸಿ. ಉದ್ದನೆ ಕೋಲು, ಜೀವಂತ ಹುಳ, ನೀರಿನ ಮೇಲೆ ನೆಟ್ಟ ಕಣ್ಣು, ಇಷ್ಟೇ ಬೇಕಾಗಿರೋದು. ಇದೆಲ್ಲ ನಿಮ್ಮಪ್ಪನಿಗೆ ಆಗಲೇ ಬರುತ್ತೆ.

ಮೊದಲು ದೋಣಿ ವಿಚಾರ. ಕಾರಿಬ್‌ನ ಕಂದು ಟ್ರೌಟ್ ಕಾಡುಮೀನು, ಇಲ್ಲಿಗೆ ಬಂದು ಸೇರೋ ಹೊಳೆಗಳಲ್ಲಿ ಹುಟ್ಟಿ ಸರೋವರಕ್ಕೆ ಇಳಿದದ್ದು. ಮೇಯುವಾಗ ಒಂದು ಕಡೆ ನಿಲ್ಲೋದಿಲ್ಲ. ಹೆಚ್ಚಾಗಿ ಗಾಳಿಗೆ ಎದುರಾಗಿ ಬರುತ್ತೆ. ನಮ್ಮ ದೋಣಿ ಗಾಳಿಯ ಜೊತೆ ಹೋಗುತ್ತೆ. ಹಾಗಾಗಿ ಎದುರುಬದುರು ಸಿಗ್ತೀವಿ. ದೋಣಿ ಗಾಳಿಗೆ ಅಡ್ಡಲಾಗಿ ತೇಲುತ್ತೆ, ನೀವಿಬ್ಬರೂ ಗಾಳಿಗೆ ಬೆನ್ನು ಕೊಟ್ಟು ಕೂರ್ತೀರಿ, ದಾರ ಮುಂದಕ್ಕೆ ಹೋಗುತ್ತೆ. ಇಂಜಿನ್ ಸದ್ದಿಲ್ಲ, ಪ್ರತಿ ಸಲ ಹೊಸ ನೀರು.

ಹಾಗಂತ ದೋಣಿಯನ್ನು ಸುಮ್ಮನೆ ಗಾಳಿಗೆ ಬಿಟ್ಟುಬಿಡೋದಲ್ಲ. ನಡುಗಡ್ಡೆಗಳ ಸುತ್ತ, ಕಲ್ಲುಹಾಸಿನ ಅಂಚಲ್ಲಿ, ತಳ ಮಸುಕಾಗಿ ಕಾಣೋವಷ್ಟು ಆಳದ ಕಡೆ ಟ್ರೌಟ್ ಮೇಯುತ್ತೆ. ಎಲ್ಲಿಂದ ಬಿಟ್ಟರೆ ಈ ಗಾಳಿಗೆ ಆ ಅಂಚಿನ ಉದ್ದಕ್ಕೂ ತೇಲ್ತೀವಿ ಅನ್ನೋ ಲೆಕ್ಕವೇ ಇಲ್ಲಿನ ನಿಜವಾದ ವಿದ್ಯೆ. ಒಳ್ಳೆ ಅಂಬಿಗ ಒಂದು ಹುಟ್ಟನ್ನು ನೀರಲ್ಲೇ ಇಟ್ಟುಕೊಂಡು, ಆಗಾಗ ಒಂದೆಳೆತ ಕೊಟ್ಟು, ದೋಣಿ ಆಳಕ್ಕೆ ಜಾರದ ಹಾಗೆ ನೋಡ್ಕೋತಾನೆ. ಆ ಕೈಚಳಕ ನೋಡ್ತಾ ಕೂತರೂ ದಿನ ಸಾರ್ಥಕ. ಹಾದಿ ಮುಗಿದ ಮೇಲೆ ತೇಲಿ ಬಂದ ನೀರಲ್ಲೇ ಇಂಜಿನ್ ಹಾಕ್ಕೊಂಡು ವಾಪಸ್ ಹೋಗಬಾರದು, ಮೀನು ಬೆದರುತ್ತೆ. ದೂರದಿಂದ ಸುತ್ತು ಹಾಕ್ಕೊಂಡು ಮೇಲಕ್ಕೆ ಹೋಗಬೇಕು. ಬೇರೆಯವರ ದೋಣಿ ತೇಲಿ ಬರ್ತಿರೋ ಹಾದಿಗೂ ಅಡ್ಡ ಹೋಗಬಾರದು. ಈ ಮರ್ಯಾದೆಯನ್ನು ಇಲ್ಲಿನವರು ತುಂಬಾ ಗಂಭೀರವಾಗಿ ತಗೋತಾರೆ, ತಗೋಬೇಕಾದದ್ದೇ.

ಇನ್ನು ಡ್ಯಾಪಿಂಗ್. ಮೇ ನಡುವಿನ ಹೊತ್ತಿಗೆ ಸರೋವರದ ಮೇಲೆ ಮೇಫ್ಲೈ ಏಳುತ್ತೆ. ತಳದ ಕೆಸರಲ್ಲಿ ವರ್ಷಗಟ್ಟಲೆ ಮರಿಯಾಗಿದ್ದು, ರೆಕ್ಕೆ ಬಂದ ಮೇಲೆ ಕೆಲವೇ ದಿನ ಬದುಕೋ ಹುಳ. ರೆಕ್ಕೆ ಬಂದಮೇಲೆ ಏನೂ ತಿನ್ನೋದೂ ಇಲ್ಲ. ಹಿಂದೆಲ್ಲ ಊರಿನ ಮಕ್ಕಳು ಪೊದೆಗಳಿಂದ ಇವನ್ನು ಹಿಡಿದು ಬೇಟೆಗಾರರಿಗೆ ಮಾರ್ತಿದ್ದರು. ಹದಿನಾಲ್ಕರಿಂದ ಹದಿನೇಳು ಅಡಿ ಕೋಲಿಗೆ ರೇಷ್ಮೆಯಂಥ ಹಗುರ ದಾರ, ಅದರ ತುದಿಗೆ ಒಂದಿಷ್ಟು ನೈಲಾನ್, ಕೊಕ್ಕೆಗೆ ಒಂದೆರಡು ಮೇಫ್ಲೈ. ಕೋಲೆತ್ತಿ ಹಿಡಿದರೆ ಸಾಕು, ಗಾಳಿಯೇ ದಾರವನ್ನು ಉಬ್ಬಿಸಿ ಮುಂದಕ್ಕೆ ಒಯ್ಯುತ್ತೆ. ಹುಳ ಮಾತ್ರ ಅಲೆಯ ನೆತ್ತಿಗೆ ತಾಗಬೇಕು, ದಾರ ತಾಗಬಾರದು. ಟ್ರೌಟ್ ಎದ್ದು ಹುಳ ನುಂಗಿತು ಅನ್ನೋ ಕ್ಷಣಕ್ಕೆ ಕೈ ತಾನಾಗೇ ಎಳೆಯೋಕೆ ಹೋಗುತ್ತೆ. ಎಳೀಬೇಡಿ ಅನ್ನಿ ಅಪ್ಪನಿಗೆ. ಕೋಲಿನ ತುದಿ ಸ್ವಲ್ಪ ಇಳಿಸಿ, ಮೀನು ತಲೆ ತಿರುಗಿಸಿ ಕೆಳಕ್ಕೆ ಹೋಗೋಕೆ ಬಿಟ್ಟು, ಆಮೇಲೆ ಮೆಲ್ಲಗೆ ಎತ್ತಬೇಕು.

ಅಲೆ ಇರೋ, ಮೋಡ ಕವಿದ ದಿನವೇ ಒಳ್ಳೇದು. ನೀರು ಅಲುಗದೆ ಬಿಸಿಲು ಬಿದ್ದರೆ ಮೀನಿಗೆ ಎಲ್ಲ ಕಾಣುತ್ತೆ, ಡ್ಯಾಪಿಂಗ್ ದಾರವೂ ಹಾರೋದಿಲ್ಲ.

ನೀವಿಬ್ಬರೇ ಹೋಗೋದು ಬೇಡ. ಇದು ಸುಮಾರು 176 ಚದರ ಕಿಲೋಮೀಟರಿನ ಸರೋವರ, ನೀರಿನಡಿ ಸುಣ್ಣಕಲ್ಲಿನ ಬಂಡೆಗಳು ಒಂದಡಿ ಕೆಳಗೇ ಇರ್ತವೆ. ಮೊದಲ ಸಲ ಅಂಬಿಗನನ್ನು ಗೊತ್ತು ಮಾಡಿಕೊಳ್ಳಲೇಬೇಕು. ಲೈಫ್ ಜಾಕೆಟ್ ಇಬ್ಬರೂ ಹಾಕ್ಕೊಂಡೇ ಇರಬೇಕು, ಏಳು ಮೀಟರಿಗಿಂತ ಚಿಕ್ಕ ದೋಣಿಯಲ್ಲಿ ಅದು ಕಾನೂನು. ಕಂದು ಟ್ರೌಟ್‌ಗೆ ಲೈಸೆನ್ಸ್ ಬೇಡ. ಸಾಲ್ಮನ್ ಮೀನಿಗೆ ಬೇಕು, ಅದು ಕೊಕ್ಕೆಗೆ ಸಿಕ್ಕರೆ ವಾಪಸ್ ಬಿಡಿ.

ಲೆಸ್ಟರ್_ಮಲ್ನಾಡು:
ಇಂಗ್ಲೆಂಡಿನಲ್ಲಿರೋರು ಇದನ್ನು ಓದ್ತಿದ್ದರೆ ಒಂದು ಮಾತು: ಇಲ್ಲಿ ಟ್ರೌಟ್‌ಗೂ ರಾಡ್ ಲೈಸೆನ್ಸ್ ಬೇಕು, ಅದರ ಮೇಲೆ ಆಯಾ ಜಾಗದ ಪರ್ಮಿಟ್ ಬೇರೆ. ನಾನು ರಟ್ಲೆಂಡ್ ವಾಟರ್‌ಗೆ ಹೋಗ್ತೀನಿ. ಅದು 1970ರ ದಶಕದಲ್ಲಿ ಕಟ್ಟಿದ ಜಲಾಶಯ, ಸಾಕಿ ಬಿಟ್ಟ ರೇನ್‌ಬೋ ಟ್ರೌಟೇ ಜಾಸ್ತಿ. ಗಾಳಿ ಜೋರಿದ್ದರೆ ನಾವು ಡ್ರೋಗ್ ಹಾಕ್ತೀವಿ: ನೀರೊಳಗೆ ಬಿಚ್ಚಿಕೊಳ್ಳೋ ಬಟ್ಟೆಯ ಪ್ಯಾರಾಚೂಟ್, ಗಾಳಿ ಬರೋ ಕಡೆಗೆ ಹಗ್ಗದಲ್ಲಿ ಕಟ್ಟಿ ಬಿಟ್ಟರೆ ದೋಣಿಯ ಓಟ ತಗ್ಗುತ್ತೆ. ಕಾರಿಬ್‌ನಲ್ಲೂ ಹಾಕ್ತಾರಾ ಅಣ್ಣ?

ಊಕ್ಟರಾರ್ಡ್_ಕನ್ನಡಿಗ:
ಆಳ ಇರೋ ಕಡೆ ಹಾಕಬಹುದು. ಬಂಡೆಗಳ ಮಧ್ಯೆ ಅದು ಸಿಕ್ಕಿಹಾಕಿಕೊಂಡರೆ ಕಷ್ಟ, ಅಲ್ಲಿ ನನಗೆ ಹುಟ್ಟೇ ಮೇಲು.

ಗೊರೂರು_ಹಿನ್ನೀರು:
ಇಷ್ಟು ವಿವರವಾಗಿ ಬರೆದದ್ದಕ್ಕೆ ತುಂಬಾ ಧನ್ಯವಾದ ಸರ್. ಅಪ್ಪನಿಗೆ ಫೋನಲ್ಲಿ ಓದಿ ಹೇಳಿದೆ. ಹಿಡಿದ ಮೀನನ್ನು ಮನೆಗೆ ತರಬಹುದಾ ಅಂತ ಕೇಳಿದ್ರು. ತಮ್ಮ ಕೋಲು, ರೀಲು ಊರಿಂದಲೇ ತರ್ತಾರಂತೆ. ಇಡೀ ದಿನ ಚಳೀಲಿ ಕೂರೋಕಾಗುತ್ತಾ ಅನ್ನೋದು ನನ್ನ ಚಿಂತೆ.

ಊಕ್ಟರಾರ್ಡ್_ಕನ್ನಡಿಗ:
ತರಬಹುದು. 33 ಸೆಂಟಿಮೀಟರಿಗಿಂತ ಚಿಕ್ಕದನ್ನು ಬಿಡಲೇಬೇಕು, ಒಬ್ಬರಿಗೆ ದಿನಕ್ಕೆ ನಾಲ್ಕೇ ಮೀನು. ನನ್ನ ಕೇಳಿದರೆ ಸಾರು ಮಾಡೋಕೆ ಒಂದು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟುಬಿಡಿ. ಬಿಡೋವಾಗ ಕೈ ಒದ್ದೆ ಮಾಡಿಕೊಂಡು, ಸಾಧ್ಯವಾದರೆ ನೀರೊಳಗೇ ಕೊಕ್ಕೆ ಬಿಡಿಸಬೇಕು.

ಊರಿನ ಕೋಲು, ರೀಲು ದಯವಿಟ್ಟು ಬೇಡ. 2005ರಲ್ಲಿ ಈ ಸರೋವರದಲ್ಲಿ ದಕ್ಷಿಣ ಆಫ್ರಿಕಾ ಮೂಲದ ಲ್ಯಾಗರೋಸೈಫನ್ ಅನ್ನೋ ನೀರಿನ ಕಳೆಗಿಡ ಕಾಣಿಸಿಕೊಂಡು ಕೊಲ್ಲಿಗಳನ್ನೇ ಮುಚ್ಚಿಬಿಟ್ಟಿತ್ತು. ತಳದ ಮೇಲೆ ಸೆಣಬಿನ ಬಟ್ಟೆ ಹಾಸಿ ಅದನ್ನು ಉಸಿರುಕಟ್ಟಿಸಬೇಕಾಯ್ತು. ಬಟ್ಟೆಯ ಎಳೆಗಳ ಸಂದಿಯಿಂದ ಇಲ್ಲಿನದೇ ಗಿಡಗಳು ಮತ್ತೆ ಚಿಗುರಿದ್ವು. ಆಮೇಲೆ 2007ರಲ್ಲಿ ಝೀಬ್ರಾ ಮಸಲ್ ಚಿಪ್ಪು ಬಂತು, ಅದು ಹೋಗೇ ಇಲ್ಲ. ಒದ್ದೆ ಬಲೆ, ಬೂಟು, ದೋಣಿ, ಯಾವುದರಿಂದ ಬೇಕಾದರೂ ಇಂಥವು ಬರ್ತವೆ. ಕೋಲು ಅಂಬಿಗನ ಹತ್ತಿರವೇ ಸಿಗುತ್ತೆ.

ಚಳಿ ನಿಜ. ಥರ್ಮಲ್, ಉಣ್ಣೆ ಟೋಪಿ, ಮೇಲೆ ಮಳೆ ಜಾಕೆಟ್ಟು ಪ್ಯಾಂಟು, ಕೂರೋಕೆ ದಪ್ಪ ಮೆತ್ತೆ. ಮಧ್ಯಾಹ್ನ ಯಾವುದಾದರೂ ನಡುಗಡ್ಡೆಗೆ ದೋಣಿ ಕಟ್ಟಿ ಕೆಲ್ಲಿ ಕೆಟಲ್‌ನಲ್ಲಿ ಟೀ ಕಾಯಿಸೋದು ಇಲ್ಲಿನ ಪದ್ಧತಿ. ನಡುವೆ ಹೊಗೆಗೂಡು, ಸುತ್ತ ನೀರು, ಕೆಳಗೆ ಪುರಳೆ ಬೆಂಕಿ. ನೀರು ಬೇಗ ಕುದಿಯುತ್ತೆ. ಸಕ್ಕರೆ, ಹಾಲಿನ ಪುಡಿ, ಶುಂಠಿ ಮನೆಯಿಂದಲೇ ತಗೊಂಡು ಹೋಗಿ.

ಮೇಫ್ಲೈ ಎದ್ದ ಸುದ್ದಿ ಹಬ್ಬಿದ ಮೇಲೆ ಅಂಬಿಗರು ಸಿಗೋದು ಕಷ್ಟ. ಮೇ ಕೊನೆಯ ವಾರಕ್ಕೆ ಈಗಲೇ ಫೋನ್ ಮಾಡಿ ಹೇಳಿಡಿ. ಗಾಳಿ ವಿಪರೀತ ಆದರೆ ದೋಣಿ ಬಿಡಲ್ಲ, ಅದಕ್ಕೆ ಮರುದಿನವನ್ನೂ ಖಾಲಿ ಇಟ್ಟುಕೊಂಡಿರಿ.